ಹಳದಿ ಕಾರ್ಡ್‌ಗೆ ಹತ್ತು ದಿನ

‘ಸೂಜಿ ಯಾಕ್ರೀ ಬೇಕು? ಕಾರ್ಡ್ ಇದ್ರೆ ಸಾಕು. ನಾಲ್ಕೂ ಜನಕ್ಕೆ ನಾನೇ ಮಾಡಿಸಿ ಕೊಡ್ತೀನಿ, ಮಗೂಗೂ ಸೇರಿಸಿ.’

ಟಿಕೆಟ್ ಮಾಡಿಸಿಕೊಡುವ ಏಜೆಂಟ್ ಹೀಗೆ ಹೇಳುವಾಗ ಫೋನಿನ ಸ್ಪೀಕರ್ ಆನ್ ಇತ್ತು. ನಾನು ಗೆಳೆಯನ ಮನೆಯ ಕಟ್ಟೆ ಮೇಲೆ ಕೂತು ಅವನ ಅಣ್ಣನ ಪಾಸ್‌ಪೋರ್ಟ್ ನೋಡಿ ಅರ್ಜಿ ತುಂಬುತ್ತಿದ್ದೆ. ತ್ಯಾವಣಿಗೆಯಿಂದ ಬಿ.ಇ. ಓದಲು ಹೋಗುವ ಹುಡುಗ ಎಂಬ ಒಂದೇ ಅರ್ಹತೆಯ ಮೇಲೆ ಪರಿಚಯದವರ ಆನ್‌ಲೈನ್ ಅರ್ಜಿಗಳೆಲ್ಲ ನನ್ನ ಲ್ಯಾಪ್‌ಟಾಪಿಗೇ ಬರುತ್ತವೆ. ಆದರೆ ಆಫ್ರಿಕಾಕ್ಕೆ ಹೊರಟವರ ಅರ್ಜಿ ಅದೇ ಮೊದಲು. ಅಣ್ಣ, ಅತ್ತಿಗೆ, ಚಿಕ್ಕಪ್ಪ ಮತ್ತು ಏಳು ತಿಂಗಳ ಕೂಸು ಗ್ಯಾಬೊನ್ ದೇಶಕ್ಕೆ ಹೊರಟಿದ್ದರು.

ಗೆಳೆಯ ಹಕ್ಕಿಪಿಕ್ಕಿ ಸಮುದಾಯದವನು. ನಮ್ಮ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್‌ಗಳಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ, ಹುಣಸೂರಿನ ಪಕ್ಷಿರಾಜಪುರದಲ್ಲಿ ಇವರ ನೆಲೆಗಳಿವೆ. ಮನೆಯೊಳಗೆ ವಾಗ್ರಿ, ಹೊರಗೆ ಕನ್ನಡ, ವ್ಯಾಪಾರಕ್ಕೆ ಹೋದಲ್ಲಿ ಅಲ್ಲಿಯದೇ ಭಾಷೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಗಿಡಮೂಲಿಕೆ ಎಣ್ಣೆ, ಮಸಾಜು, ಪ್ಲಾಸ್ಟಿಕ್ ಹೂವುಗಳ ವ್ಯಾಪಾರ ಬೆಳೆಯಿತು. ಆ ವ್ಯಾಪಾರವೇ ಇವರನ್ನು ಸುಡಾನ್, ಗ್ಯಾಬೊನ್, ಕ್ಯಾಮರೂನ್‌ಗಳವರೆಗೆ ಒಯ್ದಿದೆ. ಪತ್ರಿಕೆಗಳು ಇವರು ಮಕ್ಕಳಿಗೆ ಇಡುವ ಹೆಸರುಗಳ ಬಗ್ಗೆಯೇ ಹೆಚ್ಚು ಬರೆದಿವೆ. ನಮ್ಮ ಕ್ಲಾಸಿನಲ್ಲಿ ಪಾಸ್‌ಪೋರ್ಟ್ ಇದ್ದವರು ಇಬ್ಬರು ಮೂವರು. ಅವನ ಬೀದಿಯಲ್ಲಿ ಮನೆಗೊಂದು ಇದೆ ಎಂಬುದು ನನಗೆ ಹೆಚ್ಚು ಬೆರಗಿನ ಸಂಗತಿ.

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾದದ್ದು ನಿಮಗೆ ನೆನಪಿರಬಹುದು. ಚುನಾವಣೆಯ ಕಾವಿನಲ್ಲಿದ್ದ ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ದೊಡ್ಡದಾಯಿತು. ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಸರ್ಕಾರ ಅವರನ್ನು ಕರೆತಂದಿತು. ಏಪ್ರಿಲ್ 28ರಂದು ಜೆದ್ದಾದಿಂದ ಬಂದ ಒಂದು ವಿಮಾನದಲ್ಲಿ 362 ಜನ ಬೆಂಗಳೂರಿಗೆ ಇಳಿದರು. ಗುಂಡಿನ ಸದ್ದು ತಪ್ಪಿಸಿಕೊಂಡು ಬಂದವರು ಇನ್ನೇನು ಮನೆ ಸೇರಿದರು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಅವರಲ್ಲಿ 47 ಜನರನ್ನು ಅಂದೇ ಕ್ವಾರಂಟೈನ್‌ಗೆ ಕಳಿಸಲಾಯಿತು. ಹಳದಿ ಜ್ವರದ, ಅಂದರೆ ಯೆಲ್ಲೊ ಫೀವರ್‌ನ ಲಸಿಕೆ ಪತ್ರ ಅವರ ಬಳಿ ಇರಲಿಲ್ಲ. ಆ ಹೊತ್ತಿಗೆ ದೇಶಕ್ಕೆ ಮರಳಿದ್ದ 1,191 ಜನರಲ್ಲಿ ಹೀಗೆ ಪ್ರತ್ಯೇಕವಾಗಿ ಉಳಿಯಬೇಕಾದವರು 117 ಎಂದು ಆರೋಗ್ಯ ಸಚಿವಾಲಯ ಹೇಳಿತ್ತು. ಯುದ್ಧ ದಾಟಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಒಂದು ಹಳದಿ ಕಾಗದ.

ಆಗ ಅದು ನನಗೆ ಅತಿರೇಕ ಎನ್ನಿಸಿತ್ತು. ಅಣ್ಣನ ಅರ್ಜಿ ನೆಪದಲ್ಲಿ ಓದುತ್ತಾ ಹೋದಾಗ ಕಾರಣ ಗೊತ್ತಾಯಿತು. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇದೆ. ನಮ್ಮ ನೀರಿನ ತೊಟ್ಟಿ, ಒಡೆದ ಟಯರುಗಳಲ್ಲಿ ಹುಟ್ಟಿ ಡೆಂಗಿ ತರುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಅದು. ವೈರಸ್ ಹೊತ್ತ ಒಬ್ಬ ಮನುಷ್ಯ ಬಂದಿಳಿದು, ಈ ಸೊಳ್ಳೆ ಅವನನ್ನು ಕಚ್ಚಿದರೆ ಮುಂದಿನದನ್ನು ತಡೆಯುವುದು ಕಷ್ಟ. ಇಲ್ಲಿ ಯಾರ ಮೈಯಲ್ಲೂ ಅದಕ್ಕೆ ಪ್ರತಿರೋಧ ಇಲ್ಲ. ಸೋಂಕು ತಗಲಿ ಜ್ವರ ಕಾಣಿಸಲು ಮೂರರಿಂದ ಆರು ದಿನ ಬೇಕು. ಪತ್ರ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕ ಇಡುವ ನಿಯಮ ಬಂದದ್ದು ಆ ಲೆಕ್ಕದಿಂದ. ಇನ್ನೊಂದು ಮಾತು: ಡೆಂಗಿ, ಪಕ್ಕದ ಮಲೆನಾಡನ್ನು ಕಾಡುವ ಮಂಗನ ಕಾಯಿಲೆ, ಹಳದಿ ಜ್ವರ ಮೂರರ ವೈರಸ್ಸೂ ಫ್ಲೇವಿವೈರಸ್ ಎಂಬ ಒಂದೇ ಕುಲಕ್ಕೆ ಸೇರಿದವು.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಗೆಳೆಯನ ಅಜ್ಜಿ ನಕ್ಕುಬಿಟ್ಟರು. ‘ಹಳದಿ ಜ್ವರ ಅಂದ್ರೆ ಕಾಮಾಲೆ ತಾನೆ? ಅದಕ್ಕೆ ನಮ್ಮತ್ರಾನೇ ಬೇರು ಐತಲ್ಲೋ ತಮ್ಮಾ!’ ಔಷಧಿ ಮಾರಿಯೇ ಬದುಕಿದವರಿಗೆ ಔಷಧಿಯ ಪಾಠ ಹೇಳುವುದು ಸುಲಭವಲ್ಲ. ಹಳದಿ ಜ್ವರ ಬಂದ ಹಲವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ನಿಜ. ಆದರೆ ಸ್ವಲ್ಪ ಜನರಲ್ಲಿ ಅದು ಎರಡನೇ ಹಂತಕ್ಕೆ ತಿರುಗಿ ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಇಳಿಯುತ್ತದೆ, ರಕ್ತಸ್ರಾವವಾಗುತ್ತದೆ. ಆ ಹಂತ ತಲುಪಿದವರಲ್ಲಿ ಅರ್ಧದಷ್ಟು ಜನ ಹತ್ತು ದಿನದೊಳಗೆ ಸಾಯುತ್ತಾರೆ. ಆ ವೈರಸ್ಸನ್ನು ಕೊಲ್ಲುವ ಮದ್ದು ಅಲೋಪಥಿಯಲ್ಲೂ ಇಲ್ಲ. ಇರುವುದು ಲಸಿಕೆ ಮಾತ್ರ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ಸಿದ್ಧಪಡಿಸಿದ, ಅವರಿಗೆ 1951ರ ನೊಬೆಲ್ ತಂದುಕೊಟ್ಟ 17ಡಿ ಲಸಿಕೆಯನ್ನೇ ಇವತ್ತಿಗೂ ಕೊಡುತ್ತಾರೆ. ‘ಬೇರು ಇಲ್ಲ ಅಂದ್ರೆ ಹಾಕಿಸ್ಕೊಳ್ಳಲಿ ಬಿಡು’ ಎಂದರು ಅಜ್ಜಿ.

ಈ ಲಸಿಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಂದು ಸೀಸೆಯಲ್ಲಿ ಹಲವರ ಡೋಸ್ ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ಹೆಚ್ಚಿನ ಕಡೆ ಗೊತ್ತಾದ ದಿನಗಳಂದು, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ. ನಮಗೆ ಬೆಂಗಳೂರಿನಲ್ಲಿ ದಿನ ಸಿಕ್ಕಿತು. ಅಲ್ಲಿಗೆ ನಮ್ಮ ಲೆಕ್ಕ ತಪ್ಪಿತು. ಲಸಿಕೆ ಹಾಕಿದ ಹತ್ತು ದಿನಗಳ ನಂತರವೇ ಕಾರ್ಡ್ ಚಾಲ್ತಿಗೆ ಬರುತ್ತದೆ, ಅಣ್ಣನ ವಿಮಾನಕ್ಕೆ ಉಳಿದಿದ್ದದ್ದು ಎಂಟೇ ದಿನ. ‘ಅದಕ್ಕೇ ಹೇಳಿದ್ದು ನಾನೇ ಮಾಡಿಸ್ತೀನಿ ಅಂತ. ಹಿಂದಿನ ತಾರೀಖು ಹಾಕಿದ್ರಾಯ್ತು’ ಎಂದ ಏಜೆಂಟ್. ಕಾರ್ಡಿಗೆ ತಾರೀಖು ಹಿಂದಕ್ಕೆ ಹಾಕಬಹುದು, ಮೈಯೊಳಗಿನ ಪ್ರತಿರೋಧಕ್ಕೆ ಹಾಕಲಾಗದು. ಅಣ್ಣ ಟಿಕೆಟ್ ಮುಂದೂಡಿದ. ಅದಕ್ಕೆ ಕಟ್ಟಿದ ದಂಡದಲ್ಲಿ ನನ್ನ ಒಂದು ಸೆಮಿಸ್ಟರ್ ಬಸ್ ಖರ್ಚು ಕಳೆಯುತ್ತಿತ್ತು.

ಕೇಂದ್ರದಲ್ಲಿ ವೈದ್ಯೆ ಮೊದಲು ಪ್ರಶ್ನೆ ಕೇಳಿದರು. ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದಾ? ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಈ ವೈರಸ್ಸನ್ನು ಬೆಳೆಸುತ್ತಾರೆ, ಅದಕ್ಕೆ ಆ ಪ್ರಶ್ನೆ. ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ಸ್ಟೀರಾಯ್ಡ್ ಮಾತ್ರೆ? ದುರ್ಬಲಗೊಳಿಸಿದ್ದರೂ ಇದು ಜೀವಂತ ವೈರಸ್ಸೇ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ. ಅರವತ್ತು ದಾಟಿದವರಿಗೂ ಯೋಚಿಸಿಯೇ ಕೊಡುತ್ತಾರೆ. ಚಿಕ್ಕಪ್ಪನಿಗೆ ಐವತ್ತೆರಡು, ಪಾರಾದರು. ಆಮೇಲೆ ವೈದ್ಯೆಯ ಕಣ್ಣು ಅತ್ತಿಗೆಯ ಮಡಿಲಿನ ಕೂಸಿನ ಮೇಲೆ ಬಿತ್ತು.

ಒಂಬತ್ತು ತಿಂಗಳು ತುಂಬದ ಮಗುವಿಗೆ ಇದನ್ನು ಹಾಕುವುದಿಲ್ಲ. ಲಸಿಕೆಯ ವೈರಸ್ಸೇ ಮಿದುಳಿಗೆ ಏರುವ ಸಾಧ್ಯತೆ ಅಷ್ಟು ಎಳೆಯ ಮಕ್ಕಳಲ್ಲಿ ಹೆಚ್ಚು. ಎದೆಹಾಲು ಉಣಿಸುವ ತಾಯಿಗೂ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ‘ಹಾಗಾದ್ರೆ ಇವರಿಬ್ಬರೂ ಹೋಗೋದು ಬೇಡಮ್ಮ’ ಎಂದರು ವೈದ್ಯೆ, ಅಷ್ಟೇ ಸರಳವಾಗಿ. ಅತ್ತಿಗೆ ಏನೂ ಮಾತಾಡಲಿಲ್ಲ. ಏಜೆಂಟ್ ಹೇಳಿದಂತೆ ಕೇಳಿದ್ದರೆ ಆ ಕೂಸು ಲಸಿಕೆಯ ಕಾರ್ಡ್ ಹಿಡಿದು, ಲಸಿಕೆ ಇಲ್ಲದೆ, ಆ ಜ್ವರ ಇರುವ ದೇಶಕ್ಕೆ ಇಳಿಯುತ್ತಿತ್ತು. ನಾನು ಅವತ್ತು ಕಾರಿಡಾರಿನಲ್ಲಿ ನಿಂತು ಅದನ್ನೇ ಯೋಚಿಸುತ್ತಿದ್ದೆ.

ಕಾರ್ಡಿನಲ್ಲಿ ಪಾಸ್‌ಪೋರ್ಟ್ ನಂಬರ್ ಬರೆದು, ಸೀಲು ಹಾಕಿ, ಸಹಿ ತಗೊಂಡು ಕೊಡುತ್ತಾರೆ. ಹೆಸರಿನ ಒಂದಕ್ಷರವೂ ಪಾಸ್‌ಪೋರ್ಟಿಗಿಂತ ಬೇರೆಯಾಗಬಾರದು, ಅಲ್ಲೇ ನಿಂತು ಓದಿ ನೋಡಿ. 2016ರ ಜುಲೈಗೆ ಮುಂಚೆ ಈ ಕಾರ್ಡಿಗೆ ಹತ್ತು ವರ್ಷದ ಆಯುಸ್ಸು ಇತ್ತು, ಈಗ ಜೀವನಪೂರ್ತಿ.

‘ನಾವೇನು ಆಫ್ರಿಕಾಕ್ಕೆ ಹೋಗ್ತೀವಾ’ ಎನ್ನುವವರಿಗೆ ಒಂದು ಮಾತು. ಕಂಪನಿ ನಿಮ್ಮನ್ನು ಕೀನ್ಯಾಕ್ಕೋ ಬ್ರೆಜಿಲ್‌ಗೋ ಪ್ರಾಜೆಕ್ಟ್ ಮೇಲೆ ಕಳಿಸಿದರೆ, ವಾಪಸ್ ಬರುವಾಗ ಇದೇ ಕಾರ್ಡ್ ಕೇಳುತ್ತಾರೆ. ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವಾಗ ನಿಲ್ದಾಣದೊಳಗೇ ಇದ್ದರೆ ವಿನಾಯಿತಿ ಸಿಗಬಹುದು. ಊರು ನೋಡಿ ಬರೋಣ ಎಂದು ಹೊರಗೆ ಕಾಲಿಟ್ಟರೆ ಇಲ್ಲ.

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟ ನಮ್ಮ ಸೀನಿಯರ್‌ಗಳ ಪಾಡು ಬೇರೆ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆ ಎರಡು ಸಲ ಹಾಕಿಸಿದ ದಾಖಲೆ ಕೇಳುತ್ತವೆ. 2017ರ ಫೆಬ್ರುವರಿಯಲ್ಲಿ ನಮಗೆಲ್ಲ ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಹಾಕಿದ್ದರಲ್ಲ, ಅದು ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಮಂಗನಬಾವು ಅದರಲ್ಲಿ ಇರಲಿಲ್ಲ. ಎಂಎಂಆರ್‌ನ ಎರಡು ಡೋಸ್ ನಡುವೆ ನಾಲ್ಕು ವಾರ ಬೇಕು. ಹೆಪಟೈಟಿಸ್ ಬಿ ಪೂರ್ತಿಯಾಗಲು ಆರು ತಿಂಗಳು. ವೀಸಾ ಬಂದ ಮೇಲೆ ನೋಡೋಣ ಎಂದರೆ ದಿನ ಸಾಲುವುದಿಲ್ಲ. ಅಮ್ಮನ ಟ್ರಂಕಿನಲ್ಲಿ ನಿಮ್ಮ ಲಸಿಕೆ ಕಾರ್ಡ್ ಇದೆಯೇ ಎಂದು ಈ ಭಾನುವಾರವೇ ಹುಡುಕಿ. ನನ್ನದು ಸಿಕ್ಕಿತು, ಅರ್ಧ ಇಲಿ ತಿಂದಿತ್ತು.

ಲಸಿಕೆ ಹಾಕಿಸಿದ ಧೈರ್ಯದಲ್ಲಿ ಮಲೇರಿಯಾ ಮರೆಯಬಾರದು ಎಂದು ವೈದ್ಯೆ ಅಣ್ಣನಿಗೆ ಎರಡು ಸಲ ಹೇಳಿದರು. ಆಫ್ರಿಕಾದಿಂದ ಮರಳಿದ ಹಕ್ಕಿಪಿಕ್ಕಿಗಳಲ್ಲಿ ಮಲೇರಿಯಾ ಕಾಣಿಸಿಕೊಂಡ ಸುದ್ದಿ ನಮ್ಮ ಸುತ್ತಲಲ್ಲೇ ಬಂದಿದೆ. ಅಲ್ಲಿನ ಫಾಲ್ಸಿಪಾರಮ್ ಮಲೇರಿಯಾ ಬೇಗ ಮಿದುಳಿಗೆ ಏರುತ್ತದೆ. ಹೊರಡುವ ಮೊದಲೇ ವೈದ್ಯರು ಬರೆದುಕೊಟ್ಟ ಮಾತ್ರೆ, ಮಲಗುವಾಗ ಸೊಳ್ಳೆಪರದೆ, ಮತ್ತೆ ಮರಳಿದ ಮೇಲೆ ತಿಂಗಳುಗಟ್ಟಲೆ ಕಳೆದು ಜ್ವರ ಬಂದರೂ ‘ಆಫ್ರಿಕಾದಲ್ಲಿದ್ದೆ’ ಎಂದು ಮೊದಲು ಹೇಳುವುದು. ಹೇಳದಿದ್ದರೆ ವೈರಲ್ ಜ್ವರ ಎಂದು ಮಾತ್ರೆ ಕೊಟ್ಟು ಕಳಿಸಿಬಿಡಬಹುದು.

ಅಣ್ಣ, ಚಿಕ್ಕಪ್ಪ ಇಬ್ಬರೇ ಹೋದರು. ಲಿಬ್ರವಿಲ್‌ಗೆ ಇಳಿದ ರಾತ್ರಿ ಅಣ್ಣ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ: ‘ಪಾಸ್‌ಪೋರ್ಟಿಗಿಂತ ಮುಂಚೆ ಹಳದಿ ಕಾರ್ಡೇ ಕೇಳಿದ್ರು ಕಣೋ. ತಾರೀಖು ಬೆರಳಿಟ್ಟು ಎಣಿಸಿದ್ರು.’ ಅತ್ತಿಗೆ ಅದನ್ನು ಎರಡು ಸಲ ಕೇಳಿಸಿಕೊಂಡು, ಕೂಸಿಗೆ ಒಂಬತ್ತು ತಿಂಗಳು ತುಂಬುವ ದಿನ ಯಾವುದು, ಕ್ಯಾಲೆಂಡರಿನಲ್ಲಿ ನೋಡಿ ಹೇಳು ಎಂದರು.