ಕೋಣೆಯೊಳಗೊಂದು ಮಂಚಿಕೆ

ಅಳತೆಗೆಂದು ಬಂದ ಆಚಾರ್ರು ಟೇಪು ಹೊರಗೆ ತೆಗೆಯಲೇ ಇಲ್ಲ. ಬಾಗಿಲಲ್ಲೇ ನಿಂತು ತಲೆಯೆತ್ತಿ ಫ್ಯಾನು ನೋಡಿದರು. “ಮೊದಲು ಇದನ್ನ ಇಳಿಸಿ ಸಾರ್, ಆಮೇಲೆ ಮಂಚದ ಮಾತು.”

ಬೆಂಗಳೂರಿನ ಬಾಡಿಗೆ ಮನೆಯ 10x10 ಅಡಿ ಕೋಣೆ. ಮಗಳಿಗೆ ಮೇಜು ಬೇಕು, ಬಟ್ಟೆಗೆ ಬೀರು ಬೇಕು. 3 ಅಡಿ ಅಗಲದ ಒಂಟಿ ಮಂಚವೊಂದೇ ನೆಲದ ಐದರಲ್ಲೊಂದು ಪಾಲನ್ನು ನುಂಗಿತ್ತು. ಅದನ್ನು ಮೇಲಕ್ಕೆತ್ತಿದರೆ ಕೆಳಗಿನ ಜಾಗವೆಲ್ಲ ನಮ್ಮದೇ ಎಂಬ ಆಸೆ ನನ್ನದು. ಆದರೆ ಸಾಮಾನ್ಯ ಫ್ಯಾನಿನ ರೆಕ್ಕೆಗಳು ಸುತ್ತುವುದು 4 ಅಡಿ ವ್ಯಾಸದಲ್ಲಿ. ಕೋಣೆಯ ನಡುವೆ ತೂಗಿದರೆ ರೆಕ್ಕೆಯ ತುದಿಗೂ ಗೋಡೆಗೂ ಉಳಿಯುವುದು ಸರಿಯಾಗಿ 3 ಅಡಿ, ಅಂದರೆ ಮಂಚದ ಅಗಲದಷ್ಟೇ. ಮೇಲೆ ಎದ್ದು ಕೂತು ಮೈಮುರಿದರೆ ಕೈ ಅಲ್ಲಿಗೇ. ಗೋಡೆ ಫ್ಯಾನು ತಂದೆವು.

ಇನ್ನು ಎತ್ತರ. 10 ಅಡಿಯ ತಾರಸಿಯಿಂದ ಕೆಳಕ್ಕೆ ಲೆಕ್ಕ ಹಾಕಿ. ತಲೆ ತಾಗದೆ ಕೂರಲು ಮೂರೂಕಾಲು ಅಡಿ, ಹಾಸಿಗೆಗೆ 4 ಅಂಗುಲ, ಹಲಗೆ-ಪಟ್ಟಿಗೆ 6 ಅಂಗುಲ. ಕೆಳಗೆ ಉಳಿಯುವುದು 6 ಅಡಿಗೆ ಒಂದಂಗುಲ ಕಮ್ಮಿ. ಮೇಜು-ಕುರ್ಚಿಗೆ ಧಾರಾಳ. ಬೀರುವಿನ ಮುಂದೆ ನಿಲ್ಲಲು ನನ್ನಂಥ ಉದ್ದದವರು ಮಾತ್ರ ಸ್ವಲ್ಪ ಬಗ್ಗಬೇಕು.

ಗಟ್ಟಿ ಅಂದರೆ ದಪ್ಪ ಮರ ಎಂದುಕೊಂಡಿದ್ದೆ. ತಪ್ಪು. ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಕವಣೆ ಹಿಡಿದು ಹಕ್ಕಿ ಕಾಯುವ ಮಂಚಿಕೆ ನೋಡಿದವರಿಗೆ ಇದು ಗೊತ್ತಿರುತ್ತದೆ. ನಾಲ್ಕು ಸಾಧಾರಣ ಗಳಗಳು, ಮೇಲೊಂದು ಹಂದರ. ಮನುಷ್ಯನ ಭಾರ ಅವಕ್ಕೆ ಲೆಕ್ಕಕ್ಕಿಲ್ಲ. ಕೆಡಿಸುವುದು ಅಡ್ಡ ಅಲ್ಲಾಟ. ಅದಕ್ಕೇ ರೈತ ಗಳಗಳ ನಡುವೆ ಓರೆಯಾಗಿ ಕೋಲು ಬಿಗಿಯುತ್ತಾನೆ. ಕೋಣೆಯ ಮಂಚಕ್ಕೂ ಅದೇ ಕಟ್ಟುಪಾಡು. ಏಣಿ ಹತ್ತುವಾಗ, ನಿದ್ದೆಯಲ್ಲಿ ಹೊರಳುವಾಗ ಚೌಕಟ್ಟು ಪಕ್ಕಕ್ಕೆ ವಾಲಲು ನೋಡುತ್ತದೆ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಹಿಂಬದಿಗೊಂದು, ತಲೆಬದಿಗೊಂದು ಓರೆಪಟ್ಟಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಗೋಡೆಗೇ ಬೋಲ್ಟು ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆ ನಂಬಿಕೆಗೆ ಅರ್ಹವಲ್ಲ, ಮನೆ ಮಾಲೀಕರ ಮುಖವೂ ಕೆಡುತ್ತದೆ.

ಆಚಾರ್ರ ಕೈಚಳಕ ಕಂಡದ್ದು ಕಂಬದಲ್ಲಿ. 3 ಅಂಗುಲದ ಚೌಕ ಕಂಬಕ್ಕೆ ಉಳಿಯಿಂದ ಒಂದಂಗುಲ ಆಳದ ಕಚ್ಚು ತೆಗೆದು, ಉದ್ದದ ಪಟ್ಟಿಯನ್ನು ಅದರೊಳಗೆ ಕೂರಿಸಿದರು. “ಭಾರಾನ ಮರವೇ ಹೊರಬೇಕು. ಬೋಲ್ಟು ಹಿಡ್ಕೊಂಡಿರೋಕೆ ಮಾತ್ರ.” ಮೊಳೆ, ಸ್ಕ್ರೂ ಅಲ್ಲ, ಆಚೆಗೂ ಈಚೆಗೂ ವಾಷರ್ ಹಾಕಿದ ನಟ್ಟು-ಬೋಲ್ಟು. ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಬೇಸಿಗೆಗೆ ಮರ ಒಣಗಿ ಕುಗ್ಗಿದಾಗ ಒಮ್ಮೆ ಸ್ಪ್ಯಾನರ್ ಹಿಡಿದು ಬಿಗಿಮಾಡಬೇಕು, ಅಷ್ಟೇ.

ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿಸಿದರೆ ಬೇಗ ಆಗುತ್ತದೆ. ಪರಿಚಯದವರೊಬ್ಬರು ಹಾಗೆಯೇ ಮಾಡಿಸಿದರು. ಅಂಗಡಿಯಲ್ಲೇ ಪೂರ್ತಿ ವೆಲ್ಡಿಂಗ್ ಮುಗಿಸಿ ತಂದ ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಗ್ಯಾಸ್ ಕಟರ್ ಬರಬೇಕಾಯಿತು.

ಮಲಗಿದವರು ಉರುಳಿ ಬೀಳದಂತೆ ಹಾಕುವ ತಡೆಪಟ್ಟಿ ಹಾಸಿಗೆಗಿಂತ ಕನಿಷ್ಠ 5 ಅಂಗುಲ ಮೇಲಿರಬೇಕೆಂಬುದು ಅಮೆರಿಕದ ನಿಯಮ. ಆರು ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬೇಡಿ ಎಂಬ ಎಚ್ಚರಿಕೆಯೂ ಅಲ್ಲಿದೆ. ನಮ್ಮವರು ಎಡವುವುದು ಆಮೇಲೆ: ಮೆತ್ತಗಿರಲಿ ಎಂದು ಇನ್ನೊಂದು ಹಾಸಿಗೆ ಹೇರುತ್ತಾರೆ, ತಡೆಪಟ್ಟಿ ಅದರಲ್ಲೇ ಮುಳುಗುತ್ತದೆ. ಏಣಿಯ ಮೆಟ್ಟಿಲು ದುಂಡಗಿರಬಾರದು. ರಾತ್ರಿ ಬರಿಗಾಲಿಗೆ ಒತ್ತುತ್ತದೆ. ಚಪ್ಪಟೆ ಹಲಗೆಯೇ ಸರಿ. ಮೇಲಿನ ಮಹಡಿಯಲ್ಲಿರುವವರು ಏಪ್ರಿಲ್ ತಿಂಗಳನ್ನೂ ನೆನಪಿಡಲಿ: ಹಗಲೆಲ್ಲ ಕಾದ ತಾರಸಿ ರಾತ್ರಿ ಮೂಗಿನ ಮೇಲೇ ಇರುತ್ತದೆ.

ಮೂರನೇ ದಿನ ಸಂಜೆ ಕೆಲಸ ಮುಗಿಯಿತು. ಆಚಾರ್ರು ಚಪ್ಪಲಿ ಬಿಟ್ಟು ಮೇಲೆ ಹತ್ತಿ ಮಲಗಿದರು. ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು, ಕಿವಿಗೊಟ್ಟರು. ಎಲ್ಲೋ ಸಣ್ಣಗೆ ಕಿರ್ ಎಂದಿತು. ಇಳಿದು ಬಂದು, ಕಾಲ್ಬದಿಯ ಒಂದು ನಟ್ಟನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಹತ್ತಿದರು.