ರಕ್ತದಲ್ಲಿ ಸತುವೆಷ್ಟು, ತಾಮ್ರವೆಷ್ಟು?

ಮುಟ್ಟು ನಿಂತು ಮೂರು ತಿಂಗಳಾಯಿತು. ಗಲ್ಲದ ಮೇಲೆ ಕೂದಲು ಮೂಡುತ್ತಿದೆ. ಮೊಡವೆ ಮಾಯುವುದೇ ಇಲ್ಲ. ಇದನ್ನು ಹೆತ್ತ ತಾಯಿಯೊಡನೆ ಹೇಳಿಕೊಳ್ಳಲೂ ಹಿಂಜರಿಯುವ ತರುಣಿಯರು ಎಷ್ಟೋ ಮಂದಿ. ಕಡೆಗೊಮ್ಮೆ ಧೈರ್ಯ ತಂದುಕೊಂಡು ರಕ್ತಪರೀಕ್ಷೆ ಮಾಡಿಸಿದರೆ, ಬಂದ ಚೀಟಿಯಲ್ಲಿ ಸತು ಕಡಿಮೆ, ತಾಮ್ರ ಹೆಚ್ಚು ಎಂದು ಬರೆದಿರುತ್ತದೆ. ಸತುವಿನ ಮಾತ್ರೆ ನುಂಗಿದರೆ ಎಲ್ಲವೂ ಸರಿಹೋದೀತೆ?

ವೈದ್ಯರು ಪಿ.ಸಿ.ಓ.ಎಸ್. ಎಂದು ಕರೆಯುವ ಈ ತೊಂದರೆಯ ಕುರಿತು 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿದರು. ಆಗ ಎಲ್ಲರ ದೃಷ್ಟಿಯೂ ಅಂಡಾಶಯದ ಮೇಲಿತ್ತು. ಅನೇಕರಲ್ಲಿ ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸಮಾಡದು, ದೇಹವು ಅದನ್ನು ಇನ್ನಷ್ಟು ಸುರಿಸುತ್ತದೆ, ಅದರ ಒತ್ತಡದಿಂದ ಅಂಡಾಶಯವು ಪುರುಷ ಹಾರ್ಮೋನನ್ನು ಮಿತಿಮೀರಿ ತಯಾರಿಸುತ್ತದೆ ಎಂಬುದು ಬಳಿಕ ತಿಳಿದ ಸಂಗತಿ.

ಸತುವಿನ ಮಾತು ಬರುವುದು ಇಲ್ಲಿಯೇ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ನಿನ ಆರಾರು ಅಣುಗಳು ಸತುವಿನೊಡನೆ ಗುಂಪುಗೂಡಿ ಸಂಗ್ರಹವಾಗಿರುತ್ತವೆ. ಸತುವಿನ ಅಭಾವದಿಂದ ಮನುಷ್ಯನಿಗೆ ಕೇಡುಂಟೆಂದು ಲೋಕಕ್ಕೆ ತೋರಿಸಿಕೊಟ್ಟವರು ಬಿಹಾರದಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್. ಇರಾನಿನಲ್ಲಿ ಪ್ರಾಯ ಬಂದರೂ ಬಾಲಕರಂತೆಯೇ ಉಳಿದಿದ್ದ ತರುಣರ ವಿಷಯವನ್ನು ಅವರು 1961ರಲ್ಲಿ ಬರೆದರು. ಆ ತರುಣರ ಮುಖ್ಯ ಆಹಾರ ರೊಟ್ಟಿ. ಧಾನ್ಯದಲ್ಲಿರುವ ಫೈಟೇಟ್ ಸತುವನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ರಾಗಿಯಲ್ಲಿಯೂ ಫೈಟೇಟ್ ಉಂಟು, ಮೊಳಕೆ ಬರಿಸಿದರೆ ತಗ್ಗುತ್ತದೆ. ಕೂಸಿನ ರಾಗಿಸರಿಗೆಂದು ಮೊಳಕೆ ಕಟ್ಟುತ್ತಿದ್ದ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಕೆಲಸವಂತೂ ನಡೆಯುತ್ತಿತ್ತು.

ಪಿ.ಸಿ.ಓ.ಎಸ್. ಇರುವವರಲ್ಲಿ ತಾಮ್ರ ಹೆಚ್ಚು, ಸತು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿರುವುದು ನಿಜ. ಸತುವಿನ ವಿಷಯದಲ್ಲಿ ಎಲ್ಲವೂ ಒಮ್ಮತವಾಗಿಲ್ಲ. ದೇಹದಲ್ಲಿರುವ ಸುಮಾರು 2 ಗ್ರಾಂ ಸತುವಿನಲ್ಲಿ ರಕ್ತದ ದ್ರವಭಾಗದಲ್ಲಿರುವುದು ಸಾವಿರಕ್ಕೊಂದು ಪಾಲು ಮಾತ್ರ. ಊಟವಾದ ಮೇಲೆ ಅದು ಇಳಿಯುತ್ತದೆ. ಸೋಂಕು ತಗಲಿದರೂ ಇಳಿಯುತ್ತದೆ. ಪರೀಕ್ಷಾನಳಿಗೆಯ ರಬ್ಬರ್ ಬಿರಡೆಯಿಂದ ಸತು ಬೆರೆತು ಅಂಕಿ ಏರುವುದೂ ಉಂಟು! ತಾಮ್ರದ ಕಥೆ ಇನ್ನೂ ವಿಚಿತ್ರ. ಮುಟ್ಟನ್ನು ಕ್ರಮಕ್ಕೆ ತರಲು ಕೊಡುವ ಈಸ್ಟ್ರೊಜೆನ್ ಮಾತ್ರೆಯೇ ರಕ್ತದ ತಾಮ್ರವನ್ನು ಏರಿಸುತ್ತದೆ. ಆದ್ದರಿಂದ ತಾಮ್ರದ ಚೊಂಬನ್ನು ದೂರುವ ಮುನ್ನ ಸೇವಿಸುತ್ತಿರುವ ಔಷಧ ಯಾವುದೆಂದು ನೋಡಬೇಕು.

ಭಾರತೀಯ ಸ್ತ್ರೀಗೆ ದಿನಕ್ಕೆ ಬೇಕಾದ ಸತು 13.2 ಮಿಲಿಗ್ರಾಂ ಎಂದು 2020ರಲ್ಲಿ ನಿಗದಿಯಾಗಿದೆ. ಮೀರಬಾರದ ಮಿತಿ 40. ಅದಕ್ಕಿಂತ ಹೆಚ್ಚು ಸತುವನ್ನು ಬಹುಕಾಲ ನುಂಗಿದವರಲ್ಲಿ ಕರುಳು ತಾಮ್ರವನ್ನು ಹೀರಲಾರದೆ ರಕ್ತಹೀನತೆಯೂ ನರಗಳ ಬಾಧೆಯೂ ತಲೆದೋರಬಹುದು.

ಈ ತೊಂದರೆಯನ್ನು ಗುರುತಿಸಲು 2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ತಜ್ಞರು ಒಪ್ಪಿದ ಮೂರು ಲಕ್ಷಣಗಳಲ್ಲಿ ಯಾವ ಖನಿಜವೂ ಇಲ್ಲ. ಮಾತ್ರೆಯನ್ನು ನಂಬಿ ತಿಂಗಳುಗಳನ್ನು ಕಳೆದರೆ, ಮುಟ್ಟಾಗದ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುತ್ತದೆ. ವರ್ಷಗಳ ಮೇಲೆ ಅದು ಅರ್ಬುದಕ್ಕೂ ದಾರಿಯಾಗಬಹುದು. ಮೂರು ತಿಂಗಳು ಮುಟ್ಟಾಗದಿದ್ದ ತರುಣಿ ವೈದ್ಯರಲ್ಲಿ ಮೊದಲು ಕೇಳಬೇಕಾದದ್ದು ಸತುವಿನ ಲೆಕ್ಕವನ್ನಲ್ಲ. ಗ್ಲೂಕೋಸ್ ಕುಡಿದು ಎರಡು ಗಂಟೆಗಳ ಬಳಿಕ ಮಾಡುವ ಸಕ್ಕರೆಯ ಪರೀಕ್ಷೆಯನ್ನು, ಮುಟ್ಟು ಮರಳಿ ಬರುವ ಚಿಕಿತ್ಸೆಯನ್ನು.