ಬಾಡಿಗೆ ವಸೂಲಿಯೂ ಒಂದು ವಿದ್ಯೆ

ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಂಡು ಬಾಡಿಗೆಗೆ ಕೊಡುವುದು ದೊಡ್ಡ ಮಾತಲ್ಲ. ಆದರೆ ಸಭ್ಯಸ್ಥರು ಕಾಲಿಡಲು ಹಿಂಜರಿಯುವ ಕೇರಿಯಲ್ಲಿ ಹಣ ಹೂಡಿ, ಬಡವರನ್ನು ಹಿಂಡದೆ ನ್ಯಾಯವಾದ ಲಾಭ ಪಡೆಯಲು ಸಾಧ್ಯವೇ? ಸಾಧ್ಯ ಎಂದು ಲಂಡನ್ನಿನಲ್ಲಿ ತೋರಿಸಿಕೊಟ್ಟವರು ಆಕ್ಟೇವಿಯಾ ಹಿಲ್ (1838–1912).

1865ರಲ್ಲಿ ಅವರ ಕೋರಿಕೆಯಂತೆ ಮೂರು ಮನೆಗಳಿಗೆ ಹಣ ಹಾಕಿದವರು ಜಾನ್ ರಸ್ಕಿನ್. ಮುಂದೆ ಗಾಂಧೀಜಿಯವರ ಬದುಕನ್ನೇ ಬದಲಿಸಿದ 'ಅನ್‌ಟು ದಿಸ್ ಲಾಸ್ಟ್' ಕೃತಿಯ ಕರ್ತೃ ಇವರೇ. ಮನೆಗಳಿದ್ದ ಬೀದಿಯ ಹೆಸರು 'ಪ್ಯಾರಡೈಸ್ ಪ್ಲೇಸ್', ಎಂದರೆ ಸ್ವರ್ಗ. ಸ್ಥಿತಿ ಮಾತ್ರ ನರಕ! ಗೋಡೆಯ ಗಾರೆ ಉದುರುತ್ತಿತ್ತು, ಸೂರು ಸೋರುತ್ತಿತ್ತು. ಮೆಟ್ಟಿಲಿನ ಮರದ ಕಟಕಟೆಯನ್ನು ಬಾಡಿಗೆದಾರರೇ ಕಿತ್ತು ಸೌದೆ ಮಾಡಿಕೊಂಡಿದ್ದರು.

ಹೂಡಿದ ಹಣಕ್ಕೆ ವರ್ಷಕ್ಕೆ ಶೇ. 5ರಷ್ಟು ಆದಾಯ ಬಂದರೆ ಇತರರೂ ಇಂಥ ಕೆಲಸಕ್ಕೆ ಮುಂದೆ ಬರುತ್ತಾರೆ ಎಂಬುದು ರಸ್ಕಿನ್ ಲೆಕ್ಕಾಚಾರ. ಅದನ್ನು ನಿಜ ಮಾಡುವ ಹೊಣೆ ಆಕ್ಟೇವಿಯಾ ಅವರದು.

ಅವರ ವಿಧಾನ ಸರಳ. ವಾರಕ್ಕೊಮ್ಮೆ ತಾವೇ ಮನೆಮನೆಗೆ ಹೋಗಿ ಬಾಡಿಗೆ ಪಡೆಯುವುದು. ಬಾಕಿಗೆ ರಿಯಾಯಿತಿ ಇಲ್ಲ. ಕೊಡದೆ ಸತಾಯಿಸುವವರು ಮನೆ ಬಿಡಬೇಕು. ಅದೇ ಭೇಟಿಯಲ್ಲಿ ಸೋರುವ ಸೂರು, ಮುರಿದ ಕಿಟಕಿಗಳೂ ಕಣ್ಣಿಗೆ ಬೀಳುತ್ತಿದ್ದವು. ದುರಸ್ತಿಗೆಂದು ವರ್ಷಕ್ಕೆ ಇಂತಿಷ್ಟು ಹಣ ಮೀಸಲು. ಅದರಲ್ಲಿ ಉಳಿದದ್ದು ಬಾಡಿಗೆದಾರರೇ ಕೇಳಿದ ಸೌಕರ್ಯಗಳಿಗೆ. ಹೀಗಾಗಿ ಕಟಕಟೆ ಮುರಿದರೆ ನಷ್ಟ ತಮ್ಮದೇ ಎಂಬುದು ಅವರಿಗೂ ಅರಿವಾಯಿತು. ಕೆಲಸವಿಲ್ಲದ ದಿನಗಳಲ್ಲಿ ದುರಸ್ತಿಯ ಕೂಲಿಯೂ ಅವರಿಗೇ ಸಿಗುತ್ತಿತ್ತು.

ಲೆಕ್ಕ ಕೂಡಿಬಂತು. ಇತರರೂ ತಮ್ಮ ಮನೆಗಳನ್ನು ಆಕ್ಟೇವಿಯಾ ಅವರ ವಶಕ್ಕೆ ಕೊಟ್ಟರು. 1884ರಲ್ಲಿ ಇಂಗ್ಲೆಂಡಿನ ಚರ್ಚ್ ಆಸ್ತಿಗಳ ಆಡಳಿತ ಮಂಡಳಿಯೂ ಸದರ್ಕ್ ಪ್ರದೇಶದ ತನ್ನ ಮನೆಗಳ ಉಸ್ತುವಾರಿಯನ್ನು ಅವರಿಗೆ ಒಪ್ಪಿಸಿತು. ಅವರು ತರಬೇತಿ ನೀಡಿದ ಮಹಿಳೆಯರಿಂದ ವಸತಿ ನಿರ್ವಹಣೆ ಎಂಬ ಹೊಸ ವೃತ್ತಿಯೇ ಬೆಳೆಯಿತು.

ಈ ಪದ್ಧತಿಗೆ ಮಿತಿಯೂ ಇತ್ತು. ನಿಗದಿತ ಬಾಡಿಗೆ ಕೊಡಲಾಗದ ಕಡುಬಡವರಿಗೆ ಇಲ್ಲಿ ಜಾಗವಿರಲಿಲ್ಲ. ಬಡವರಿಗೆ ಸರ್ಕಾರವೇ ಮನೆ ಒದಗಿಸುವುದನ್ನು ಆಕ್ಟೇವಿಯಾ ಒಪ್ಪಲಿಲ್ಲ. ಅದಕ್ಕಾಗಿ ಟೀಕೆಗೂ ಗುರಿಯಾದರು.

ಆದರೂ ಅವರ ಪಾಠ ಇಂದಿಗೂ ಸಲ್ಲುತ್ತದೆ. ಮನೆ ಕೊಳ್ಳಲು ಹಣವಿದ್ದರೆ ಸಾಕು. ಅದನ್ನು ನೋಡಿಕೊಳ್ಳಲು ಲೆಕ್ಕದ ಶಿಸ್ತು, ಕಟ್ಟಡದ ತಿಳಿವಳಿಕೆ, ಮನುಷ್ಯರೊಂದಿಗೆ ಒಡನಾಡುವ ಜಾಣ್ಮೆ ಮೂರೂ ಬೇಕು. ಹೂಡಿದ ಹಣ ಉಳಿಯುವುದೂ ಮುಳುಗುವುದೂ ತಿಂಗಳ ಬಾಡಿಗೆಗೆ ಬಾಗಿಲು ತಟ್ಟುವವರ ಕೈಯಲ್ಲಿದೆ.